ಆಷಾಢದಲ್ಲಿ ಕಳ್ಳಿಗಳ ಜಾಡು: ಚಾಮುಂಡಿ ಬೆಟ್ಟದಿಂದ ಕುಂತಿ ಬೆಟ್ಟದ ಕಡೆಗೆ

ಗುರುವಾರ

ಆಷಾಢದ ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಕಾಲಿಡಲು ಜಾಗ ಸಿಗುವುದಿಲ್ಲ. ಗಿಡ ನೋಡಲು ಬಂದವರು ಗುರುವಾರವೇ ಬೆಟ್ಟ ಮುಗಿಸಿಕೊಳ್ಳುವುದು ಲೇಸು. ಬೆಳಗ್ಗೆ ಆರೂವರೆಗೆ ಮೆಟ್ಟಿಲ ಬುಡದಲ್ಲಿದ್ದೆವು. ರಾತ್ರಿ ಸೋನೆ ಹಿಡಿದು ಬಿಟ್ಟಿತ್ತು, ಬಂಡೆ ಸಂದಿನ ಮಣ್ಣು ಇನ್ನೂ ಹಸಿ. ಕ್ಯಾಕ್ಟಸ್ ಕುಲಗಳನ್ನು, ಎಂದರೆ ಹತ್ತಿರದ ಜಾತಿಗಳ ಗುಂಪುಗಳನ್ನು, ನೋಡುವ ಸುತ್ತಾಟವನ್ನು ಬೆಟ್ಟದಿಂದ ಶುರು ಮಾಡಲು ಕಾರಣವಿದೆ. ಈ ಮಣ್ಣಿನಲ್ಲೇ ಹುಟ್ಟಿದ ಕಳ್ಳಿಗಳಲ್ಲಿ ಒಂದೂ ಕ್ಯಾಕ್ಟಸ್ ಅಲ್ಲ. ಯಾವುದು ಅಲ್ಲ ಎಂಬುದು ಮೊದಲು ಕಣ್ಣಿಗೆ ಕೂತರೆ, ಯಾವುದು ಹೌದು ಎಂಬುದು ಆಮೇಲೆ ಬೇಗ ತಿಳಿಯುತ್ತದೆ.

ನಮ್ಮ ಕಡೆ ಕಾಂಡ ಹಸಿರಾಗಿ ದಪ್ಪಗಿದ್ದು, ಎಲೆ ಕಾಣದೆ ಮುಳ್ಳು ಕಂಡರೆ ಎಲ್ಲವೂ ಕಳ್ಳಿಯೇ. ಕುರುಚಲು ಕಾಡಿನಲ್ಲಿ, ಹೊಲದ ಬದುವಿನಲ್ಲಿ ಕಾಣುವ ಚದುರಗಳ್ಳಿ ಯುಫೋರ್ಬಿಯ ಆಂಟಿಕೋರಮ್. ಬೇಲಿಗೆ ನೆಡುವ, ಪೆನ್ಸಿಲ್ ದಪ್ಪದ ಕಡ್ಡಿಗಳ ಕಳ್ಳಿ ಯುಫೋರ್ಬಿಯ ತಿರುಕಳ್ಳಿ. ಎರಡನೆಯದರ ಹೆಸರಿನಲ್ಲಿ ನಮ್ಮ ‘ಕಳ್ಳಿ’ಯೇ ಕೂತಿದೆ. 17ನೇ ಶತಮಾನದ ಕೊನೆಯಲ್ಲಿ ಡಚ್ಚರು ಮಲಬಾರಿನ ಗಿಡಗಳ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಬಂದ ಮಲಯಾಳದ ಹೆಸರನ್ನು ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಲಿನೇಯಸ್ 1753ರಲ್ಲಿ ಹಾಗೆಯೇ ಉಳಿಸಿಕೊಂಡ. ಯುಫೋರ್ಬಿಯ ಎಂಬ ಕುಲದ ಹೆಸರು ಬಂದದ್ದು ಯುಫೋರ್ಬಸ್ ಎಂಬ ಗ್ರೀಕ್ ವೈದ್ಯನಿಂದ. ಅವನು ಉತ್ತರ ಆಫ್ರಿಕಾದ ಮೌರಿಟೇನಿಯದ ದೊರೆ ಎರಡನೇ ಜೂಬಾನ ಆಸ್ಥಾನದಲ್ಲಿದ್ದವನು.

ಚದುರಗಳ್ಳಿಯ ಕೊಂಬೆಗೆ ಹತ್ತು ಪಟ್ಟು ಹಿಗ್ಗಿಸುವ ಮಸೂರ ಹಿಡಿದು ನೋಡಿ. ಕಾಂಡಕ್ಕೆ ಮೂರರಿಂದ ಐದು ಏಣು. ಏಣಿನ ಅಂಚಿನಲ್ಲಿ ಮುಳ್ಳು ಜೋಡಿಜೋಡಿಯಾಗಿ, ಒಂದೇ ಗಟ್ಟಿ ತಳದಿಂದ ಎರಡು ಕವಲಾಗಿ ಹೊರಟಿರುತ್ತದೆ. ಆ ಬುಡದಲ್ಲಿ ಹತ್ತಿಯಂಥ ಮೆತ್ತೆ ಇರುವುದಿಲ್ಲ. ಕ್ಯಾಕ್ಟಸ್ ಆಗಿದ್ದರೆ ಅಲ್ಲೊಂದು ಸಣ್ಣ, ನವಿರು ಕೂದಲಿನ ದುಂಡು ಚುಕ್ಕೆ ಇರಲೇಬೇಕು. ಅದೇ ಏರಿಯೋಲ್. ಸಸ್ಯಶಾಸ್ತ್ರದ ಲೆಕ್ಕದಲ್ಲಿ ಅದು ಬೆಳವಣಿಗೆ ಕುಗ್ಗಿಸಿಕೊಂಡ ಒಂದು ಪುಟ್ಟ ಕೊಂಬೆ. ಮುಳ್ಳು, ಕೂದಲು, ಹೊಸ ಕವಲು, ಹೂ ಸಾಮಾನ್ಯವಾಗಿ ಅಲ್ಲಿಂದಲೇ. ಕ್ಯಾಕ್ಟಸ್ ಮುಳ್ಳು ಎಂದರೆ ರೂಪ ಬದಲಿಸಿಕೊಂಡ ಎಲೆ. ಏರಿಯೋಲ್ ಇಲ್ಲದ ಕ್ಯಾಕ್ಟಸ್ ಇಲ್ಲ, ಏರಿಯೋಲ್ ಇರುವ ಬೇರೆ ಕುಟುಂಬವೂ ಇಲ್ಲ. ಈ ಒಂದು ಗುರುತು ಕೈಗೆ ಸಿಕ್ಕರೆ ಅರ್ಧ ಗೊಂದಲ ಕಳೆಯಿತು.

ಹಾಲು ಬಂದರೆ ಯುಫೋರ್ಬಿಯ, ಬಾರದಿದ್ದರೆ ಕ್ಯಾಕ್ಟಸ್ ಎಂದು ಹೇಳುವವರಿದ್ದಾರೆ. ಅದು ಪೂರ್ತಿ ನಂಬುವ ಮಾತಲ್ಲ, ಮ್ಯಾಮಿಲೇರಿಯ ಕುಲದ ಕೆಲವು ಜಾತಿಗಳಲ್ಲೂ ಗಾಯವಾದರೆ ಹಾಲು ಜಿನುಗುತ್ತದೆ. ಅದಕ್ಕಿಂತ ಮುಖ್ಯವಾದ ಮಾತು, ಗುರುತಿಗಾಗಿ ಕಳ್ಳಿ ಮುರಿಯಲೇ ಬಾರದು. ಯುಫೋರ್ಬಿಯದ ಹಾಲು ಕಣ್ಣಿಗೆ ಬಿದ್ದರೆ ಕಾರ್ನಿಯಾ ಸುಡುತ್ತದೆ, ದೃಷ್ಟಿಗೇ ಕುತ್ತು. ಬಿದ್ದರೆ ಉಜ್ಜದೆ, ಹರಿಯುವ ನೀರಿನಲ್ಲಿ ಕಾಲು ಗಂಟೆಯಾದರೂ ತೊಳೆದು ನೇರ ಕಣ್ಣಿನ ವೈದ್ಯರ ಬಳಿ ಹೋಗಬೇಕು. ಬೇಲಿ ಸವರುವವರಿಗೆ ಕನ್ನಡಕವೂ ಕೈಗವಸೂ ಬೇಕೇ ಬೇಕು.

ಹೂ ಸಿಕ್ಕರೆ ಅನುಮಾನವೇ ಉಳಿಯುವುದಿಲ್ಲ. ಯುಫೋರ್ಬಿಯದಲ್ಲಿ ಒಂದು ಹೂವೆಂದು ಕಾಣುವುದು ಪುಟ್ಟ ಬಟ್ಟಲಿನೊಳಗೆ ಕೂತ ಹೂಗಳ ಗುಂಪು. ನಡುವೆ ಒಂದು ಹೆಣ್ಣು ಹೂ, ಸುತ್ತ ಒಂದೊಂದೇ ಕೇಸರದ ಗಂಡು ಹೂಗಳು. ಕ್ಯಾಕ್ಟಸ್ ಹೂವಿಗೆ ಸಾಲುಸಾಲು ಪಕಳೆ, ರಾಶಿ ಕೇಸರ, ಮತ್ತು ಅಂಡಾಶಯ ಪಕಳೆಗಳ ಕೆಳಗೆ. ದಾರಿಯಲ್ಲಿ ಸಿಗುವ ಮಂಗರವಳ್ಳಿಯೂ ಚೌಕ ಕಾಂಡದಿಂದ ಮೋಸ ಮಾಡುತ್ತದೆ. ಅದು ದ್ರಾಕ್ಷಿಯ ಕುಟುಂಬದ್ದು. ಗೆಣ್ಣುಗಳಲ್ಲಿ ಎಲೆಯೂ ಹಂಬೂ ಕಾಣುತ್ತವೆ. ಕತ್ತಾಳೆ ಮೆಕ್ಸಿಕೊ ಕಡೆಯದೇ ಆದರೂ ಕ್ಯಾಕ್ಟಸ್ ಅಲ್ಲ, ಅದರಲ್ಲಿ ದಪ್ಪಗಿರುವುದು ಎಲೆ.

ಮಧ್ಯಾಹ್ನ ನಜರ್‌ಬಾದಿನ ಒಂದು ಹಳೆಯ ಕಾಂಪೌಂಡಿನಲ್ಲಿ ಇದಕ್ಕೆ ತಿರುಗಾಮುರುಗಾ ಪಾಠ ಸಿಕ್ಕಿತು. ಬೇಲಿಯ ಮೇಲೆ ಅಗಲ ಎಲೆ, ಗುಲಾಬಿ ಬಣ್ಣದ ಹೂ; ಯಾರು ನೋಡಿದರೂ ಮಾಮೂಲಿ ಪೊದೆ ಎನ್ನುತ್ತಾರೆ. ಅದು ಪೆರೆಸ್ಕಿಯ, ಅಪ್ಪಟ ಕ್ಯಾಕ್ಟಸ್. ಎಲೆಯ ಕಂಕುಳಲ್ಲಿ ನೋಡಿದರೆ ಏರಿಯೋಲ್, ಅದರಿಂದ ಹೊರಟ ಮುಳ್ಳಿನ ಕಂತೆ. ಫ್ರಾನ್ಸಿನ ವಿದ್ವಾಂಸ ನಿಕೊಲಾ ಕ್ಲೋದ್ ಫಾಬ್ರಿ ದ ಪೆರೆಸ್ಕ್ (1580–1637) ಹೆಸರನ್ನು ಹೊತ್ತ ಕುಲ ಇದು. ಕ್ಯಾಕ್ಟಸ್‌ಗಳ ಪೂರ್ವಜರು ಹೆಚ್ಚುಕಮ್ಮಿ ಹೀಗೇ ಇದ್ದಿರಬೇಕು ಎಂದು ಇದನ್ನು ನೋಡಿ ಊಹಿಸುತ್ತಾರೆ. ಇದಕ್ಕೆ ಎಲ್ಲ ಗಿಡದಂತೆ ನೀರು ಬೇಕು. ಕ್ಯಾಕ್ಟಸ್ ಎಂದು ಕೇಳಿ ಒಣಗಿಸಿದರೆ ಎಲೆ ಉದುರಿಸಿ ಕೂರುತ್ತದೆ.

ಅದೇ ಕಾಂಪೌಂಡಿನ ಮೂಲೆಯಲ್ಲಿ ಸೀರಿಯಸ್ ಎಂಬ ಎರಡಾಳೆತ್ತರದ ಕ್ಯಾಕ್ಟಸ್ ನಿಂತಿತ್ತು. ಲ್ಯಾಟಿನ್ನಿನಲ್ಲಿ ಆ ಮಾತಿಗೆ ಮೇಣದ ಬತ್ತಿ ಎಂಬ ಅರ್ಥ. ನೆಟ್ಟಗೆ ನಿಲ್ಲುವ ಕಂಬಕ್ಕೆ ಒಪ್ಪುವ ಹೆಸರು. ಫಿಲಿಪ್ ಮಿಲ್ಲರ್ 1754ರಲ್ಲಿ ಈ ಕುಲವನ್ನು ಪ್ರಕಟಿಸಿದ. ಅದರ ಹಿಂದಿನ ವರ್ಷವಷ್ಟೇ ಲಿನೇಯಸ್ ಎಲ್ಲವನ್ನೂ ‘ಕ್ಯಾಕ್ಟಸ್’ ಎಂಬ ಒಂದೇ ಕುಲಕ್ಕೆ ತುಂಬಿದ್ದ. ಕ್ಯಾಕ್ಟೊಸ್ ಎಂಬುದು ಗ್ರೀಕರು ಸಿಸಿಲಿಯ ಒಂದು ಮುಳ್ಳುಗಿಡಕ್ಕೆ, ಬಹುಶಃ ಕಾಡು ಆರ್ಟಿಚೋಕಿಗೆ, ಇಟ್ಟಿದ್ದ ಹೆಸರು. ಅಮೆರಿಕದ ಈ ಗಿಡಗಳನ್ನು ಅವರು ಕಂಡವರೇ ಅಲ್ಲ. ಈಗ ಕುಟುಂಬದ ಹೆಸರು ಕ್ಯಾಕ್ಟೇಸಿ ಆಗಿ ಉಳಿದಿದೆ, ಕ್ಯಾಕ್ಟಸ್ ಎಂಬ ಕುಲ ಮಾತ್ರ ಇಲ್ಲ.

ಶುಕ್ರವಾರ

ಇಡೀ ದಿನ ನಗರದ ಒಂದು ನರ್ಸರಿಯಲ್ಲಿ. ಮೇಲೆ ಯುವಿ ಹಾಳೆ, ಅದರ ಕೆಳಗೆ ಶೇಡ್ ನೆಟ್, ಸೊಂಟದೆತ್ತರದ ಬೆಂಚುಗಳ ಮೇಲೆ ಎರಡೂವರೆ ಇಂಚಿನ ಕುಂಡಗಳ ಸಾಲು. ಈ ಕುಟುಂಬದಲ್ಲಿ ಒಂದೂವರೆ ಸಾವಿರಕ್ಕೂ ಹೆಚ್ಚು ಜಾತಿಗಳಿವೆ, ಕುಲಗಳು ನೂರರ ಮೇಲೆ. ರಿಪ್ಸಾಲಿಸ್ ಬ್ಯಾಕ್ಸಿಫೆರ ಎಂಬ ಒಂದೇ ಒಂದು ಜಾತಿ ಆಫ್ರಿಕಾ, ಮಡಗಾಸ್ಕರ್, ಶ್ರೀಲಂಕಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಉಳಿದವೆಲ್ಲ ಅಮೆರಿಕ ಖಂಡಗಳವೇ. ನಾವು ಎಲ್ಲ ಕುಂಡ ನೋಡಲು ಹೋಗದೆ, ಹೂ ಎಲ್ಲಿಂದ ಹೊರಡುತ್ತದೆ ಎಂಬ ಒಂದೇ ಪ್ರಶ್ನೆ ಇಟ್ಟುಕೊಂಡು ನಡೆದೆವು. ಗುಂಡು ಕ್ಯಾಕ್ಟಸ್‌ಗಳನ್ನು ಬೇರೆ ಮಾಡಲು ಮುಳ್ಳಿಗಿಂತ ಅದು ನಂಬಿಕಸ್ಥ ಗುರುತು. ಮುಳ್ಳು ವಯಸ್ಸು, ಬಿಸಿಲು, ನೀರಿನ ಮೇಲೆ ಬದಲಾಗುತ್ತದೆ.

ಮ್ಯಾಮಿಲೇರಿಯದಿಂದ ಶುರು. ಏಡ್ರಿಯನ್ ಹಾವರ್ತ್ 1812ರಲ್ಲಿ ಇಟ್ಟ ಹೆಸರು. ಲ್ಯಾಟಿನ್ನಿನ ಮ್ಯಾಮಿಲ್ಲ ಎಂದರೆ ಮೊಲೆತೊಟ್ಟು. ಈ ಕುಲದಲ್ಲಿ ಏಣು ಇರುವುದಿಲ್ಲ, ಮೈಯೆಲ್ಲ ಬಿಡಿಬಿಡಿ ಉಬ್ಬುಗಳು, ಉಬ್ಬಿನ ತುದಿಯಲ್ಲಿ ಮುಳ್ಳಿನ ಏರಿಯೋಲ್. ಹೂ ಮಾತ್ರ ಆ ತುದಿಯಿಂದ ಬರುವುದಿಲ್ಲ. ಎರಡು ಉಬ್ಬುಗಳ ನಡುವಿನ ಸಂದಿನಿಂದ, ನೆತ್ತಿಯಿಂದ ಸ್ವಲ್ಪ ಕೆಳಗೆ, ಬಳೆಯಾಕಾರದಲ್ಲಿ ಬರುತ್ತದೆ. ಪಕ್ಕದ ಕುಂಡದ ಕೊರಿಫ್ಯಾಂತಕ್ಕೂ ಉಬ್ಬುಗಳೇ. ಆದರೆ ಬೆಳೆದ ಗಿಡದಲ್ಲಿ ಪ್ರತಿ ಉಬ್ಬಿನ ಮೇಲೆ ತುದಿಯಿಂದ ಬುಡಕ್ಕೆ ಒಂದು ಗೀರು ಇಳಿದಿರುತ್ತದೆ, ಹೂ ನೆತ್ತಿಯ ಮೇಲೆಯೇ. ಕೊರಿಫೆ ಎಂದರೆ ನೆತ್ತಿ, ಆಂಥೋಸ್ ಎಂದರೆ ಹೂ. ಹೆಸರೇ ಗುರುತನ್ನು ಹೇಳಿಕೊಡುವ ಕುಲ ಇದು.

ಮ್ಯಾಮಿಲೇರಿಯದ ಉಬ್ಬುಗಳನ್ನು ಎಣಿಸುವುದು ಹತ್ತು ನಿಮಿಷದ ಕೆಲಸ, ಎಲ್ಲರೂ ಒಮ್ಮೆ ಮಾಡಬೇಕು. ಒಂದು ಉಬ್ಬಿಗೆ ಬಣ್ಣದ ದಾರ ಸಿಕ್ಕಿಸಿ, ಅಲ್ಲಿಂದ ಎಡಕ್ಕೆ ಏರುವ ಸುರುಳಿಗಳನ್ನು ಗಿಡದ ಸುತ್ತ ಒಂದೊಂದಾಗಿ ಎಣಿಸಿ ದಾರಕ್ಕೆ ಮರಳಿ. ಆಮೇಲೆ ಬಲಕ್ಕೆ ಏರುವವನ್ನು ಎಣಿಸಿ. ಒಂದು ಕಡೆ 8, ಇನ್ನೊಂದು ಕಡೆ 13 ಬಂದರೆ ಸರಿ. ದೊಡ್ಡ ಗಿಡದಲ್ಲಿ 13 ಮತ್ತು 21. ಈ ಕುಲದ ಜಾತಿಗಳನ್ನು ಬೇರೆ ಮಾಡಲು ಬಲ್ಲವರು ಈ ಜೋಡಿ ಸಂಖ್ಯೆಯನ್ನೂ ನೋಡುತ್ತಾರೆ. 12 ಬಂದರೆ ಒಂದು ಸುರುಳಿ ತಪ್ಪಿತೆಂದು ಮತ್ತೊಮ್ಮೆ ಎಣಿಸಿ.

ಮೈಸೂರಿನ ಮನೆಗಳ ಮೆಟ್ಟಿಲ ಪಕ್ಕ ಹೆಚ್ಚು ಕಾಣುವ ಚಿನ್ನದ ಮುಳ್ಳಿನ ಗುಂಡು ಗಿಡಕ್ಕೆ ಎಕಿನೊಕ್ಯಾಕ್ಟಸ್ ಗ್ರುಸೋನಿ ಎಂದೇ ಚೀಟಿ ಇತ್ತು. ಎಕಿನೋಸ್ ಎಂದರೆ ಗ್ರೀಕಿನಲ್ಲಿ ಮುಳ್ಳುಹಂದಿಯಂಥ ಒಂದು ಪುಟ್ಟ ಪ್ರಾಣಿ, ಕಡಲ ಮುಳ್ಳುಚೆಂಡಿಗೂ ಅದೇ ಹೆಸರು. ಗ್ರುಸೋನಿ ಎಂಬುದು ಜರ್ಮನಿಯ ಮಾಗ್ಡೆಬರ್ಗಿನ ಉದ್ಯಮಿ, ಕ್ಯಾಕ್ಟಸ್ ಸಂಗ್ರಾಹಕ ಹರ್ಮನ್ ಗ್ರುಸೋನ್ ನೆನಪಿಗೆ. 2014ರಲ್ಲಿ ಇದನ್ನು ಬೇರೆ ಕುಲ ಮಾಡಿ ಕ್ರೋನ್‌ಲೈನಿಯ ಎಂದು ಕರೆದರು. ಮೊನಾಕೊದ ಕ್ಯಾಕ್ಟಸ್ ತೋಟದ ನಿರ್ದೇಶಕರಾಗಿದ್ದ ಮಾರ್ಸೆಲ್ ಕ್ರೋನ್‌ಲೈನ್ ಹೆಸರದು. ಮೆಕ್ಸಿಕೊದಲ್ಲಿ ಇದರ ತವರಿನ ದೊಡ್ಡ ಭಾಗ 1990ರ ದಶಕದಲ್ಲಿ ಸಿಮಾಪಾನ್ ಅಣೆಕಟ್ಟಿನ ನೀರಿನಲ್ಲಿ ಮುಳುಗಿತು. ಲೋಕದ ತೋಟಗಳಲ್ಲೆಲ್ಲ ಇರುವ ಗಿಡಕ್ಕೆ ತನ್ನ ನೆಲದಲ್ಲಿ ಅಳಿವಿನ ಭಯ ಎಂಬುದು ನಿಜಕ್ಕೂ ಸಂಕಟದ ಸಂಗತಿ. ‘ಇಷ್ಟು ವರ್ಷವಾದರೂ ಹೂ ಬಿಟ್ಟಿಲ್ಲ’ ಎಂದು ಬೇಸರಿಸುವವರು ಗಿಡದ ಅಗಲ ಅಳೆಯಲಿ. ಸುಮಾರು ಒಂದಡಿಗೂ ಮೀರಿ ಬೆಳೆದ ಮೇಲೆಯೇ, ಅದೂ ಪೂರ್ತಿ ಬಿಸಿಲಿದ್ದರೆ, ನೆತ್ತಿಯ ಉಣ್ಣೆಯೊಳಗಿಂದ ಪುಟ್ಟ ಹಳದಿ ಹೂಗಳು ಇಣುಕುತ್ತವೆ.

ಫೆರೊಕ್ಯಾಕ್ಟಸ್ ಮುಂದೆ ಹೆಚ್ಚು ಹೊತ್ತು ನಿಲ್ಲಲಿಲ್ಲ. ಫೆರೋಕ್ಸ್ ಎಂದರೆ ಉಗ್ರ. ನಡುಮುಳ್ಳು ಹಲವು ಜಾತಿಗಳಲ್ಲಿ ಕೊಕ್ಕೆಯಾಗಿರುತ್ತದೆ. ಏರಿಯೋಲ್ ಬಳಿ ಜೇನು ಒಸರುವ ಗ್ರಂಥಿಗಳಿವೆ. ನಮ್ಮ ಮಳೆಗಾಲದಲ್ಲಿ ಆ ಅಂಟಿನ ಮೇಲೆ ಕಪ್ಪು ಬೂಷ್ಟು ಹಿಡಿಯುತ್ತದೆ. ರೋಗವೆಂದು ಔಷಧಿ ಹೊಡೆಯುವುದು ಬೇಡ, ಮೆತ್ತನೆ ಬ್ರಷ್ಷು ಮತ್ತು ನೀರಿನಿಂದ ಬೆಳಗ್ಗೆ ತೊಳೆದು ಗಾಳಿಗೆ ಇಟ್ಟರೆ ಸಾಕು.

ಆಸ್ಟ್ರೊಫೈಟಮ್ ಎಂದರೆ ನಕ್ಷತ್ರದ ಗಿಡ, ಲಮೇರ್ 1839ರಲ್ಲಿ ಇಟ್ಟದ್ದು. ಮೇಲಿಂದ ನೋಡಿದರೆ ಐದು ಮೂಲೆ, ಮೈಮೇಲೆ ಬಿಳಿ ಚುಕ್ಕೆ. ಆ ಚುಕ್ಕೆ ಹಿಟ್ಟು ತಿಗಣೆಯಲ್ಲ, ಕೂದಲಿನ ಪುಟ್ಟ ಗೊಂಚಲು. ಇದನ್ನು ಉಜ್ಜಿ ತೆಗೆದು ಗಿಡ ಹಾಳು ಮಾಡಿಕೊಂಡವರು ನಿಜವಾಗಿ ಇದ್ದಾರೆ. ತಿಗಣೆಯಾದರೆ ಸಾಲು ಬಿಟ್ಟು ಸಂದಿಗೊಂದಿಗಳಲ್ಲಿ ಕೂರುತ್ತದೆ, ಕಡ್ಡಿ ತಾಗಿಸಿದರೆ ಅಂಟಿಕೊಂಡು ಬರುತ್ತದೆ.

ಗಿರಾಕಿಗಳು ಮುಗಿಬೀಳುವ ಬೆಂಚು ಮೂನ್ ಕ್ಯಾಕ್ಟಸ್‌ನದು. ಕೆಂಪು, ಹಳದಿ, ಕಿತ್ತಳೆ ಗುಂಡು, ಕೆಳಗೆ ಹಸಿರು ಮೂರೇಣಿನ ಕಂಬ. ಮೇಲಿನದು ಜಿಮ್ನೊಕ್ಯಾಲಿಸಿಯಂ ಮಿಹಾನೊವಿಚಿಯ ಒಂದು ಮಾರ್ಪಾಡು, ಹರಿತ್ತು ಇಲ್ಲದ ಗಿಡ. ತನ್ನ ಅನ್ನ ತಾನು ಬೇಯಿಸಿಕೊಳ್ಳಲಾರದ್ದರಿಂದ ಅದನ್ನು ಡ್ರ್ಯಾಗನ್ ಫ್ರೂಟ್ ಕಾಂಡದ ಮೇಲೆ ಕಸಿ ಮಾಡುತ್ತಾರೆ. ಗಿಮ್ನೋಸ್ ಎಂದರೆ ಬೆತ್ತಲೆ, ಕ್ಯಾಲಿಕ್ಸ್ ಎಂದರೆ ಹೂವಿನ ಹೊರ ಬಟ್ಟಲು. ಈ ಕುಲದ ಮೊಗ್ಗಿನ ಹೊರಮೈಯಲ್ಲಿ ಮುಳ್ಳೂ ಇಲ್ಲ, ಕೂದಲೂ ಇಲ್ಲ, ನುಣ್ಣನೆಯ ಹೊರಪದರಗಳಷ್ಟೆ. ಪಕ್ಕದಲ್ಲಿದ್ದ ಎಕಿನೋಪ್ಸಿಸ್ ಮೊಗ್ಗಿನ ತುಂಬ ಕೂದಲು. ಗಿಡ ಒಂದೇ ತರ ಕಂಡರೂ ಮೊಗ್ಗು ಬಂದ ದಿನ ಇವೆರಡರ ನಡುವೆ ಅನುಮಾನ ಇರುವುದಿಲ್ಲ.

‘ಸಾರ್, ಎರಡು ವರ್ಷ ಚೆನ್ನಾಗಿತ್ತು, ಆಮೇಲೆ ಕೆಳಗಿಂದ ಕೊಳೀತು’ ಎಂಬುದು ಮೂನ್ ಕ್ಯಾಕ್ಟಸ್ ಕೊಂಡವರ ಮಾಮೂಲಿ ದೂರು ಎಂದರು ನರ್ಸರಿಯವರು. ಕೊಳೆಯುವುದು ಬುಡದ ಕಾಂಡ. ಅದಕ್ಕೆ ನೀರೂ ಗೊಬ್ಬರವೂ ಹೆಚ್ಚು ಬೇಕು, ಮೇಲಿನ ಗುಂಡಿಗೆ ಅಷ್ಟು ಆಗದು, ತಣ್ಣನೆ ಒದ್ದೆ ಎರಡಕ್ಕೂ ಆಗದು. ಗುಂಡು ಗಟ್ಟಿಯಾಗಿರುವಾಗಲೇ ಸೀರಿಯಸ್ ಅಥವಾ ಮಿರ್ಟಿಲೊಕ್ಯಾಕ್ಟಸ್ ಮೇಲೆ ಮರುಕಸಿ ಮಾಡಿದರೆ ಹೆಚ್ಚು ಕಾಲ ಉಳಿಯುತ್ತದೆ. ಕಸಿಗೆ ಆಷಾಢ ಒಳ್ಳೆಯ ಕಾಲವಲ್ಲ, ಮಾಘದಿಂದ ವೈಶಾಖದ ತನಕ ಸೊಗಸು. ಕ್ರಮ ಇಷ್ಟು: ಹೊಸ ಬ್ಲೇಡನ್ನು ಸ್ಪಿರಿಟಿನಲ್ಲಿ ಒರೆಸಿ, ಬೇರೂರಿದ ನಾಲ್ಕೈದು ಇಂಚಿನ ಕಾಂಡದ ತಲೆಯನ್ನು ಒಂದೇ ಎಳೆತಕ್ಕೆ ಸಮತಟ್ಟಾಗಿ ಕೊಯ್ಯಬೇಕು. ಏಣುಗಳ ಅಂಚನ್ನು ಓರೆಯಾಗಿ ಸವರಬೇಕು. ಇಲ್ಲದಿದ್ದರೆ ಒಣಗುವಾಗ ನಡುಭಾಗ ಒಳಕ್ಕೆ ಎಳೆದುಕೊಂಡು, ಗಟ್ಟಿ ಅಂಚು ಮೇಲಿನ ಗುಂಡನ್ನು ಎತ್ತಿಬಿಡುತ್ತದೆ. ಗುಂಡಿನ ತಳವನ್ನೂ ಹಾಗೆಯೇ ಕೊಯ್ದು, ಎರಡೂ ಕಡೆ ಕಾಣುವ, ನೀರು ಮತ್ತು ಆಹಾರ ಸಾಗಿಸುವ ವಾಹಕ ಅಂಗಾಂಶದ ಉಂಗುರಗಳನ್ನು ಗುರುತಿಸಬೇಕು.

ಹೆಚ್ಚು ಜನ ಎಡವುವುದು ಇಲ್ಲೇ. ಎರಡು ಉಂಗುರಗಳ ಅಗಲ ಬೇರೆಬೇರೆ ಇದ್ದಾಗ ಗುಂಡನ್ನು ಸರಿಯಾಗಿ ನಟ್ಟನಡುವೆ ಇಟ್ಟರೆ ಸಣ್ಣ ಉಂಗುರ ದೊಡ್ಡದರ ಒಳಗೆ ಕೂತು ಎಲ್ಲೂ ತಾಗುವುದಿಲ್ಲ. ಆದ್ದರಿಂದ ಸ್ವಲ್ಪ ಪಕ್ಕಕ್ಕೆ ಸರಿಸಿ, ಉಂಗುರಗಳು ಒಂದನ್ನೊಂದು ದಾಟುವಂತೆ ಇಡಬೇಕು. ಗಾಳಿ ಗುಳ್ಳೆ ಹೋಗುವಂತೆ ಮೆಲ್ಲಗೆ ತಿರುವಿ ಒತ್ತಿ, ಎರಡು ರಬ್ಬರ್ ಬ್ಯಾಂಡನ್ನು ಅಡ್ಡಡ್ಡ ಹಾಕಿ ನೆರಳಿನಲ್ಲಿಟ್ಟು, ಕೊಯ್ದ ಜಾಗಕ್ಕೆ ನೀರು ಬೀಳದಂತೆ ಏಳೆಂಟು ದಿನ ಕಾಯುವುದು.

ಸಂಜೆಯ ಬಿಸಿಲಿಗೆ ಮೆಲೊಕ್ಯಾಕ್ಟಸ್ ಕಂಡಿತು. ಹೆಸರು ಕಲ್ಲಂಗಡಿ ಜಾತಿಯ ಹಣ್ಣಿನಿಂದ ಬಂದದ್ದು, ಆಕಾರ ಹಾಗಿದೆ. ದೊಡ್ಡದಾದ ಮೇಲೆ ಹಸಿರು ಮೈ ಬೆಳೆಯುವುದನ್ನು ನಿಲ್ಲಿಸಿ ನೆತ್ತಿಯ ಮೇಲೆ ಉಣ್ಣೆ ಮತ್ತು ಬಿರುಗೂದಲಿನ ಟೋಪಿ ಕಟ್ಟುತ್ತದೆ, ಅದೇ ಸೆಫಾಲಿಯಂ. ಹೂ, ಗುಲಾಬಿ ಬಣ್ಣದ ಸಣ್ಣ ಹಣ್ಣು ಅಲ್ಲಿಂದಲೇ. ಮೈಸೂರಿಗೆ ಹೇಳಿ ಮಾಡಿಸಿದ ಕುಲ ಎಂಬುದು ನಮ್ಮ ಅಭಿಪ್ರಾಯ. ಕೆರಿಬಿಯನ್, ಬ್ರೆಜಿಲ್ ಕಡೆಯ ಬಿಸಿ ನೆಲದ್ದು, ಚಳಿ ತಡೆಯದು. ಇಲ್ಲಿನ ಪುಷ್ಯಮಾಸದ ಚಳಿ ಅದಕ್ಕೆ ಲೆಕ್ಕಕ್ಕಿಲ್ಲ. ಟೋಪಿ ಬಂದ ಮೇಲೆ ಬೇರು ಕದಡಿದರೆ ಮಾತ್ರ ಸುಧಾರಿಸಿಕೊಳ್ಳುವುದು ಕಷ್ಟ. ದೊಡ್ಡ ಕುಂಡಕ್ಕೆ ಹಾಕುವ ಆಸೆಯಿದ್ದರೆ ಅದಕ್ಕೂ ಮೊದಲೇ ಹಾಕಿಬಿಡಿ.

ಇದಕ್ಕೆ ತದ್ವಿರುದ್ಧ ರೆಬುಟಿಯ ಮತ್ತು ಲೊಬಿವಿಯ. ಮೊದಲನೆಯದು ಫ್ರಾನ್ಸಿನ ದ್ರಾಕ್ಷಿ ಬೆಳೆಗಾರ, ಕ್ಯಾಕ್ಟಸ್ ವ್ಯಾಪಾರಿ ಪಿಯರ್ ರೆಬ್ಯು ಹೆಸರಿನದು. ಎರಡನೆಯದು ಬೊಲಿವಿಯ ಎಂಬ ದೇಶದ ಅಕ್ಷರಗಳನ್ನೇ ಹಿಂದುಮುಂದು ಮಾಡಿ ಅಮೆರಿಕದ ಸಸ್ಯಶಾಸ್ತ್ರಜ್ಞರಾದ ಬ್ರಿಟನ್ ಮತ್ತು ರೋಸ್ ಕಟ್ಟಿದ್ದು. ಲಿಮಾ ಊರಿನಿಂದ ‘ಮಿಲಾ’, ಮೆಂಡೋಸಾದಿಂದ ‘ಡೆನ್‌ಮೋಸಾ’ ಕೂಡ ಅವರದೇ ಕೈಚಳಕ. ಇವು ಆಂಡಿಸ್ ಪರ್ವತದ ಎತ್ತರದವು. ಚಳಿಗಾಲದಲ್ಲಿ ಒಣಗಿ ತಣ್ಣಗೆ ಮಲಗಿದರಷ್ಟೇ ಮೊಗ್ಗು. ನಮ್ಮ ರಾತ್ರಿಗಳು ಅಷ್ಟು ತಣ್ಣಗಾಗುವುದಿಲ್ಲ. ಗಿಡ ಬದುಕುತ್ತದೆ, ಉದ್ದುದ್ದ ಬೆಳೆಯುತ್ತದೆ, ಹೂ ಅಪರೂಪ. ಚಿತ್ರ ನೋಡಿ ತರಿಸಿಕೊಳ್ಳುವ ಮೊದಲು ಕುಲದ ತವರು ಯಾವುದೆಂದು ಕೇಳಬೇಕಾದ್ದು ಇದಕ್ಕೇ.

ಕುಂಡದ ಮಿಶ್ರಣಕ್ಕೆ ಇಲ್ಲಿ ಬಳಸುವ ಲೆಕ್ಕ: ತೊಳೆದು ಜರಡಿ ಹಿಡಿದ, 2ರಿಂದ 5 ಮಿಲಿಮೀಟರಿನ ಒರಟು ಎಂ-ಸ್ಯಾಂಡ್ ಅಥವಾ ಪ್ಯೂಮಿಸ್ (ಹಗುರ ಜ್ವಾಲಾಮುಖಿ ಕಲ್ಲು) 4 ಪಾಲು, ಕಡಲೆಕಾಳಿನ ಗಾತ್ರದ ಇಟ್ಟಿಗೆ ಚೂರು 2 ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ 2 ಪಾಲು, 10 ಲೀಟರಿಗೆ ಒಂದು ಹಿಡಿ ಬೇವಿನ ಹಿಂಡಿ. ಎಂ-ಸ್ಯಾಂಡಿನ ಪುಡಿ ತೊಳೆಯದೆ ಬಿಟ್ಟರೆ ಎರಡು ತಿಂಗಳಲ್ಲಿ ಸಿಮೆಂಟಿನಂತೆ ಗಟ್ಟಿಯಾಗುತ್ತದೆ. ಬರೀ ಕೋಕೋಪೀಟ್ ಇದ್ದ ಕುಂಡ ತಂದರೆ ಬೇರಿನಿಂದ ಅದನ್ನು ಬಿಡಿಸಿಯೇ ನೆಡಿ. ಅದು ಒಮ್ಮೆ ಪೂರ್ತಿ ಒಣಗಿದರೆ ನೀರು ಹೀರುವುದಿಲ್ಲ, ಹೀರಿದರೆ ಬಿಡುವುದಿಲ್ಲ. ಹೂವಿರುವ ಗಿಡ ಕೊಳ್ಳುವಾಗ ಹೂವಿನ ಬುಡ ನೋಡಿ. ಒಣ ಹೂವನ್ನು ಬಿಸಿ ಅಂಟಿನಿಂದ ನೆತ್ತಿಗೆ ಅಂಟಿಸಿ ಮಾರುವುದುಂಟು, ಅಂಟು ಸುಟ್ಟ ಜಾಗದಲ್ಲಿ ಬೆಳವಣಿಗೆಯೇ ನಿಂತುಹೋಗುತ್ತದೆ. ಇನ್ನೊಂದು ಮಾತು, ಶೇಡ್ ನೆಟ್ಟಿನ ಗಿಡವನ್ನು ತಂದ ದಿನವೇ ಬಿಸಿಲಿಗೆ ಇಡಬಾರದು. ಸುಟ್ಟ ಬಿಳಿಚು ಕಲೆ ಮತ್ತೆ ಹಸಿರಾಗುವುದಿಲ್ಲ, ಎರಡು ಮೂರು ವಾರ ಬೆಳಗಿನ ಬಿಸಿಲಿಗಷ್ಟೇ ಒಗ್ಗಿಸಬೇಕು.

ಶನಿವಾರ

ಶ್ರೀರಂಗಪಟ್ಟಣ ದಾಟಿ ಪಾಂಡವಪುರಕ್ಕೆ. ಟಿಪ್ಪುವಿನ ಕಾಲದಲ್ಲಿ ಫ್ರೆಂಚ್ ಸೈನಿಕರು ಬೀಡುಬಿಟ್ಟಿದ್ದರಿಂದ ಬ್ರಿಟಿಷರು ಫ್ರೆಂಚ್ ರಾಕ್ಸ್ ಎಂದು ಕರೆಯುತ್ತಿದ್ದ ಊರು. ಕುಂತಿ ಬೆಟ್ಟದ ಕಡೆಗೆ ಹೋಗುವ ದಾರಿಯ ಬದುವಿನಲ್ಲಿ ಡಬ್ಬುಗಳ್ಳಿ ಸಿಕ್ಕಿತು, ಪಾಪಸುಕಳ್ಳಿ ಎನ್ನುವುದೂ ಇದನ್ನೇ. ಕ್ಯಾಕ್ಟಸ್ ಕುಟುಂಬದ ಒಪುನ್ಷಿಯ ಕುಲ. ಇದು ಊರ ಗಿಡವೇ ಎಂಬಷ್ಟು ಬೇರೂರಿದೆ, ಆದರೆ ಹುಟ್ಟು ಅಮೆರಿಕದ್ದು.

‘ಏನಣ್ಣ, ಡಬ್ಗಳ್ಳಿ ಫೋಟೋ ಯಾಕ್ ತೆಗೀತಿದ್ದೀರ?’ ಎಂದು ಕುರಿ ಹೊಡೆದುಕೊಂಡು ಬಂದವರು ಕೇಳಿದರು. ಇದರ ಹಣ್ಣು ತಿನ್ನುತ್ತೀರಾ ಎಂದು ಕೇಳಿದ್ದಕ್ಕೆ, ‘ಚಿಕ್ಕೋರಿದ್ದಾಗ ಬೆಂಕೀಲಿ ಸುಟ್ಟು ತಿಂತಿದ್ವಿ, ನಾಲಿಗೆಯೆಲ್ಲ ಕೆಂಪಾಗೋದು’ ಎಂದರು. ಸುಡುವುದು ಸರಿಯಾದ ವಿಧಾನವೇ. ಒಪುನ್ಷಿಯದ ದೊಡ್ಡ ಮುಳ್ಳಿಗಿಂತ ಹೆಚ್ಚು ಕಾಡುವುದು ಏರಿಯೋಲಿನಲ್ಲಿ ಗುಪ್ಪೆಯಾಗಿರುವ, ಕಣ್ಣಿಗೆ ಕಾಣದಷ್ಟು ಸಣ್ಣ, ಹಿಮ್ಮುಖ ಗರಗಸದ ನವಿರುಮುಳ್ಳು, ಗ್ಲಾಕಿಡ್. ಮುಟ್ಟಿದರೆ ಕಳಚಿ ಚರ್ಮದೊಳಗೆ ಉಳಿಯುತ್ತದೆ. ಈ ನವಿರುಮುಳ್ಳು ಒಪುನ್ಷಿಯ ಬಳಗದ ಗುರುತು. ನಿನ್ನೆ ನೋಡಿದ ಯಾವ ಗುಂಡು ಕ್ಯಾಕ್ಟಸಿನಲ್ಲೂ ಇರಲಿಲ್ಲ. ಚುಚ್ಚಿದರೆ ಉಜ್ಜಬೇಡಿ. ದೊಡ್ಡವನ್ನು ಚಿಮಟದಿಂದ ತೆಗೆದು, ಉಳಿದದ್ದಕ್ಕೆ ಬಿಳಿ ಅಂಟು ತೆಳ್ಳಗೆ ಬಳಿದು, ಗಾಯಕ್ಕೆ ಕಟ್ಟುವ ತೆಳು ಬಟ್ಟೆಯ ಒಂದು ಪದರ ಒತ್ತಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಬಹುಪಾಲು ಬಂದುಬಿಡುತ್ತದೆ.

ಒಪುನ್ಷಿಯ ಎಂಬ ಹೆಸರಿಗೆ ಮೂಲ ಗ್ರೀಸಿನ ಓಪಸ್ ಎಂಬ ಪ್ರಾಚೀನ ಪಟ್ಟಣ. ಆ ಊರ ಸುತ್ತ ಬೆಳೆಯುವ, ಎಲೆಯಿಂದಲೇ ಬೇರು ಬಿಡುವ ಒಂದು ಗಿಡದ ಮಾತು ಪ್ರಾಚೀನ ರೋಮಿನ ಲೇಖಕ ಪ್ಲಿನಿಯ ಬರಹದಲ್ಲಿದೆ. ಚಪ್ಪಟೆ ತುಂಡು ಬಿದ್ದಲ್ಲೇ ಬೇರೂರುವ ಅಮೆರಿಕದ ಗಿಡಕ್ಕೆ ಮುಂದೆ ಆ ಹೆಸರು ಅಂಟಿತು. ಎಲೆಯಂತೆ ಕಾಣುವ ಆ ತುಂಡು ನಿಜಕ್ಕೆ ಕಾಂಡ. ನಿಜವಾದ ಎಲೆ ಬೇಕಿದ್ದರೆ ಎಳೆಯ ಚಿಗುರು ನೋಡಿ. ಏರಿಯೋಲಿನ ಕೆಳಗೆ ಅಕ್ಕಿಕಾಳಿಗಿಂತ ಚಿಕ್ಕ, ಮೊನಚಾದ ಹಸಿರು ಎಲೆಗಳು ಕೆಲವು ದಿನವಷ್ಟೇ ಇದ್ದು ಉದುರುತ್ತವೆ. ಹಳದಿ ಹೂ ಅರಳಿತ್ತು. ಹುಲ್ಲುಕಡ್ಡಿಯಿಂದ ಕೇಸರಗಳನ್ನು ಮೆಲ್ಲಗೆ ತಾಗಿಸಿದರೆ ಅವು ತಾವಾಗಿ ಒಳಕ್ಕೆ, ಹೂವಿನ ನಡುವಿನ ಹೆಣ್ಣುಭಾಗವಾದ ಶಲಾಕೆಯ ಕಡೆಗೆ ಬಾಗುತ್ತವೆ. ಬಿಸಿಲಿದ್ದ ಹೊತ್ತು ಚುರುಕು. ಜೇನ್ನೊಣ ಬಂದು ಕೂತಾಗ ಆಗುವುದೂ ಇದೇ, ಅದರ ಮೈತುಂಬ ಪರಾಗ.

ಕೆಲವು ಚಪ್ಪಟೆ ತುಂಡುಗಳ ಮೇಲೆ ಹತ್ತಿ ಮೆತ್ತಿದಂತೆ ಬಿಳಿ ಗಂಟುಗಳಿದ್ದವು. ಕಡ್ಡಿಯಿಂದ ಒಂದನ್ನು ಅರೆದರೆ ಕಡುಗೆಂಪು ರಸ, ಬಿಳಿ ಕಾಗದದ ಮೇಲೆ ಕುಂಕುಮದ ಗೆರೆ. ಕೊಚಿನೀಲ್ ಕೀಟದ ಹೆಣ್ಣು ಅದು, ಡ್ಯಾಕ್ಟಿಲೋಪಿಯಸ್ ಕುಲ. ರೆಕ್ಕೆಯಿಲ್ಲ, ಮೇಣದ ಹೊದಿಕೆಯೊಳಗೆ ಕೂತಲ್ಲೇ ರಸ ಹೀರುತ್ತದೆ. ಡಬ್ಬುಗಳ್ಳಿ ನಮ್ಮ ದೇಶದಲ್ಲಿ ಹಬ್ಬಿದ್ದರಲ್ಲೂ, ಆಮೇಲೆ ಸೊರಗಿದ್ದರಲ್ಲೂ ಈ ಕೀಟದ ಪಾಲಿದೆ. ಕೊಚಿನೀಲ್‌ನಿಂದ ತೆಗೆಯುವ ಕೆಂಪು ಬಣ್ಣದ ವ್ಯಾಪಾರ ಸ್ಪೇನಿನವರ ಕೈಯಲ್ಲಿತ್ತು. ಅದನ್ನು ಮುರಿಯಲು ಈಸ್ಟ್ ಇಂಡಿಯಾ ಕಂಪನಿ ಮದರಾಸಿನಲ್ಲಿ ಡಬ್ಬುಗಳ್ಳಿ ತೋಟ ಮಾಡಿಸಿತು, 1795ರಲ್ಲಿ ಬ್ರೆಜಿಲ್‌ನಿಂದ ಕೀಟವೂ ಬಂತು. ಬಂದದ್ದು ಒಳ್ಳೆಯ ಬಣ್ಣ ಕೊಡುವ ಜಾತಿಯಲ್ಲ, ಡ್ಯಾಕ್ಟಿಲೋಪಿಯಸ್ ಸಿಲೋನಿಕಸ್ ಎಂಬ ಬೇರೆಯದು. ಬಣ್ಣದ ಆಸೆ ಕೈಗೂಡಲಿಲ್ಲ, ಆದರೆ ಒಪುನ್ಷಿಯ ಮೊನಾಕಾಂತ ಎಂಬ ಜಾತಿಯ ಪೊದೆಗಳನ್ನು ಅದು ತಿಂದು ಮುಗಿಸಿತು. ಕಳೆಯನ್ನು ಕೀಟದಿಂದ ಹತೋಟಿಗೆ ತಂದ ಜಗತ್ತಿನ ಮೊದಲ ಉದಾಹರಣೆ ಎಂದು ಕೃಷಿ ವಿಜ್ಞಾನಿಗಳು ಎಣಿಸುವುದು ಇದನ್ನೇ. ನಮ್ಮ ಬದುಗಳ ಒಪುನ್ಷಿಯ ಡಿಲೇನಿಯನ್ನು ಅದು ಮುಟ್ಟಲಿಲ್ಲ. ಅದಕ್ಕೆ 1926ರಲ್ಲಿ ಡ್ಯಾಕ್ಟಿಲೋಪಿಯಸ್ ಒಪುನ್ಷಿಯೆ ತರಿಸಬೇಕಾಯಿತು. ಒಂದೊಂದು ಜಾತಿಯ ಕೀಟಕ್ಕೆ ಕೆಲವೇ ಜಾತಿಯ ಕಳ್ಳಿ ಆಗಬೇಕು ಎಂಬ ಈ ಹಠ ನೋಡಿದರೆ, ಜಾತಿ ಗುರುತಿಸುವುದು ಬರೀ ಪಂಡಿತರ ಕೆಲಸವಲ್ಲ ಎಂದು ತಿಳಿಯುತ್ತದೆ.

ಮನೆಯ ಡಬ್ಬುಗಳ್ಳಿಗೆ ಈ ಬಿಳಿ ಮೆತ್ತಿಕೊಂಡರೆ ಬರೀ ಔಷಧಿ ಹೊಡೆದು ಪ್ರಯೋಜನವಿಲ್ಲ, ಮೇಣದ ಮೇಲೆ ನೀರು ಜಾರಿಹೋಗುತ್ತದೆ. ಪೈಪಿನ ನೀರನ್ನು ರಭಸವಾಗಿ ಬಿಟ್ಟು ಮೇಣ ಕಿತ್ತು, ಅದರ ಮೇಲೆ ಸೋಪಿನ ನೀರಿಗೆ ಬೇವಿನೆಣ್ಣೆ ಬೆರೆಸಿ ಸಂಜೆ ಹೊತ್ತು ಸಿಂಪಡಿಸಬೇಕು, ವಾರ ಬಿಟ್ಟು ಇನ್ನೊಮ್ಮೆ.

ಭಾನುವಾರ

ಮಂಡ್ಯದಿಂದ ನಾಗಮಂಗಲದ ಕಡೆಗೆ ಹೋಗುವಾಗ ಕಬ್ಬು ಕಮ್ಮಿಯಾಗುತ್ತಾ ಬಂದು, ಕಲ್ಲುಕಂಬಗಳ ಸಾಲಿನ ಡ್ರ್ಯಾಗನ್ ಫ್ರೂಟ್ ಹೊಲ ಕಂಡಿತು. ನರ್ಸರಿಯಲ್ಲಿ ಮೂನ್ ಕ್ಯಾಕ್ಟಸ್ ಹೊತ್ತಿದ್ದ ಕಾಂಡವೇ ಇಲ್ಲಿ ಬೆಳೆ. ಬಹುಕಾಲ ಇದಕ್ಕೆ ಹೈಲೊಸೀರಿಯಸ್ ಎಂಬ ಹೆಸರಿತ್ತು, ‘ಕಾಡಿನ ಸೀರಿಯಸ್’. ಮರ ಹತ್ತುವ ಬಳ್ಳಿಯಾದ್ದರಿಂದ. 2017ರಲ್ಲಿ ಅದನ್ನು ಸೆಲೆನಿಸೀರಿಯಸ್ ಕುಲಕ್ಕೆ ಸೇರಿಸಿದರು. ಸೆಲೀನೆ ಗ್ರೀಕರ ಚಂದ್ರದೇವತೆ, ಹೂ ರಾತ್ರಿ ಅರಳುತ್ತದೆ. ಬಿಳಿ ತಿರುಳಿನ ಜಾತಿ ಉಂಡೇಟಸ್, ಎಂದರೆ ಅಲೆಯಂಚಿನದು. ಕಾಂಡದ ಮೂರು ಏಣುಗಳ ಅಂಚು ನೋಡಿದರೆ ಹೆಸರಿನ ಅರ್ಥ ಕಾಣುತ್ತದೆ.

ಕಂಬದಿಂದ ಕಂಬಕ್ಕೆ 8 ಅಡಿ, ಸಾಲಿನಿಂದ ಸಾಲಿಗೆ 10 ಅಡಿ ಇಟ್ಟರೆ ಎಕರೆಗೆ ಸುಮಾರು 540 ಕಂಬ. ಕಂಬಕ್ಕೆ ನಾಲ್ಕು ಗಿಡ. ಏಳಡಿ ಕಂಬದಲ್ಲಿ ಎರಡಡಿ ನೆಲದೊಳಗೆ. ತುದಿಯಲ್ಲಿ ಸಿಮೆಂಟ್ ಬಳೆ ಅಥವಾ ಹಳೆ ಟೈರು. ಬಳ್ಳಿ ಅದನ್ನು ಮುಟ್ಟುವ ತನಕ ಪಕ್ಕದ ಕವಲುಗಳನ್ನೆಲ್ಲ ತೆಗೆಯಬೇಕು, ಮುಟ್ಟಿದ ಮೇಲೆ ತುದಿ ಚಿವುಟಿ ಇಳಿಬಿಡಬೇಕು. ಇಳಿಬಿದ್ದ ಕೊಂಬೆಗಳಲ್ಲೇ ಹೂ ಹೆಚ್ಚು. ಬುಡದಲ್ಲಿ ನೀರು ನಿಲ್ಲುವ ಕಪ್ಪು ಮಣ್ಣಿನಲ್ಲಿ ಏರುಮಡಿ ಮಾಡದೆ ಹಾಕಿದರೆ ಮೊದಲ ಮಳೆಗಾಲದಲ್ಲೇ ಬುಡ ಹಳದಿಯಾಗುತ್ತದೆ. ಈ ತಿಂಗಳಲ್ಲಿ ಕಾಂಡದ ಮೇಲೆ ಕಿತ್ತಳೆ ಕಂದು ಚುಕ್ಕೆ ಕಂಡರೆ ಶಿಲೀಂಧ್ರದ ಹುಣ್ಣು. ಆ ತುಂಡನ್ನು ಒಣ ದಿನ ನೋಡಿ ಕೊಯ್ದು ಹೊಲದಾಚೆ ಸುಡಬೇಕು, ಕತ್ತರಿಯನ್ನು ಗಿಡದಿಂದ ಗಿಡಕ್ಕೆ ಸ್ಪಿರಿಟಿನಿಂದ ಒರೆಸಬೇಕು. ಒದ್ದೆಯಲ್ಲಿ ಕೊಯ್ದರೆ ಕತ್ತರಿಯೇ ರೋಗ ಹಂಚುತ್ತದೆ.

ಕತ್ತಲಾದ ಮೇಲೆ ಅಂಗೈಯಗಲ ಮೀರಿದ ಬಿಳಿ ಹೂಗಳು ಬಿಚ್ಚಿಕೊಂಡವು. ಹೂವಿನ ಕೊಳವೆಯ ಮೇಲೆ ಹಸಿರು ಪೊರೆಗಳೇ ಹೊರತು ಮುಳ್ಳಿಲ್ಲ; ಹಣ್ಣಾದಾಗ ಚೂಪು ಕಿವಿಗಳಾಗಿ ಉಳಿಯುವುದು ಈ ಪೊರೆಗಳೇ. ಕೆಂಪು ತಿರುಳಿನ ಕೆಲವು ತಳಿಗಳು ತಮ್ಮದೇ ಪರಾಗಕ್ಕೆ ಕಾಯಿ ಕಟ್ಟುವುದಿಲ್ಲ. ಅಂಥ ಹೊಲದಲ್ಲಿ ನಾಲ್ಕಾರು ಸಾಲಿಗೊಂದು ಬೇರೆ ತಳಿ ಹಾಕಿ, ರಾತ್ರಿ ಎಂಟರ ಮೇಲೆ ಒಣ ಬ್ರಷ್ಷಿನಲ್ಲಿ ಅದರ ಪರಾಗ ತಂದು ಶಲಾಕೆಯ ಕವಲುಗಳಿಗೆಲ್ಲ ತಾಗುವಂತೆ ಸವರಬೇಕು. ಬೆಳಗ್ಗೆ ಬಿಸಿಲೇರಿದರೆ ಹೂ ಮುಚ್ಚಿಹೋಗುತ್ತದೆ. ಸವರಿದ್ದು ಹಿಡಿದರೆ ಒಂದು ತಿಂಗಳು ನಾಲ್ಕೈದು ದಿನಕ್ಕೆ ಹಣ್ಣು.

ಇದೇ ವಾರ ಮೈಸೂರಿನ ಮನೆಮನೆಯಲ್ಲಿ ‘ಬ್ರಹ್ಮಕಮಲ’ ಅರಳಿ ಅಕ್ಕಪಕ್ಕದವರನ್ನೆಲ್ಲ ರಾತ್ರಿ ಕರೆದು ಆರತಿ ಎತ್ತುವ ಕಾಲ. ಅದೂ ಡ್ರ್ಯಾಗನ್ ಫ್ರೂಟಿನ ಹತ್ತಿರದ ನೆಂಟ, ಎಪಿಫಿಲ್ಲಮ್ ಆಕ್ಸಿಪೆಟಾಲಮ್. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಮರಗಳ ಮೇಲೆ ಬೆಳೆಯುವ ಕ್ಯಾಕ್ಟಸ್. ಹಿಮಾಲಯದ ಬ್ರಹ್ಮಕಮಲ ಸೂರ್ಯಕಾಂತಿ ಕುಟುಂಬದ ಬೇರೆಯೇ ಗಿಡ. ಎಪಿಫಿಲ್ಲಮ್ ಎಂದರೆ ‘ಎಲೆಯ ಮೇಲೆ’, ಹೂ ಎಲೆಯಿಂದ ಹೊರಟಂತೆ ಕಂಡದ್ದರಿಂದ. ಅದೂ ಚಪ್ಪಟೆ ಕಾಂಡವೇ. ಅಂಚಿನ ಕಚ್ಚುಗಳಲ್ಲಿ ಏರಿಯೋಲ್ ಇದೆ, ಮುಳ್ಳು ಮಾತ್ರ ಬಿಟ್ಟುಕೊಟ್ಟಿದೆ. ಎಲೆ ನೆಟ್ಟರೆ ಗಿಡ ಬರುತ್ತದೆ ಎಂದು ಎಲ್ಲರೂ ಹೇಳುವುದರ ಗುಟ್ಟೂ ಇದೇ. ಹೂ ಬಿಟ್ಟು ಮುಗಿದ ಮೇಲೆ ಏಳೆಂಟು ಇಂಚಿನ ಬಲಿತ ತುಂಡು ಕೊಯ್ದು, ನೆರಳಿನಲ್ಲಿ ಒಂದು ವಾರ ಒಣಗಿಸಿ, ಬೆಳೆದಾಗ ಮೇಲಿದ್ದ ತುದಿಯೇ ಮೇಲಿರುವಂತೆ ಎರಡು ಇಂಚು ಆಳಕ್ಕೆ ನೆಡಿ. ಇದು ಮರದ ಮೇಲಿನ ಗಿಡವಾದ್ದರಿಂದ ಶುಕ್ರವಾರ ಹೇಳಿದ ಮಿಶ್ರಣದಲ್ಲಿ ಎಲೆಗೊಬ್ಬರದ ಪಾಲನ್ನು ಎರಡರಿಂದ ನಾಲ್ಕಕ್ಕೆ ಏರಿಸಿ, ಮಧ್ಯಾಹ್ನದ ನೇರ ಬಿಸಿಲು ತಪ್ಪಿಸಿ. ಬೇರು ಬರುವ ತನಕ ನೀರು ಚಿಮುಕಿಸಿದರೆ ಸಾಕು.